ಮಂಜು ಕುಡಿದು ಬದುಕುವ ನಾಡು: ಸಲಾಲಾದ ಹಸಿರಿನ ಹಿಂದಿನ ಕಥೆ



ಜೂನ್ ತಿಂಗಳು ಬಂತೆಂದರೆ ಮಸ್ಕತ್ತಿನ ನಮ್ಮ ಮನೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಸುತ್ತವೆ. ಒಂದು, "ಊರಲ್ಲಿ ಮಳೆ ಹಿಡೀತಂತೆ". ಇನ್ನೊಂದು, "ಈ ಸಲ ಸಲಾಲಾಗೆ ಯಾವಾಗ ಹೊರಡೋದು?"

ಹೋದ ವರ್ಷ ಜುಲೈನಲ್ಲಿ ನಾವೂ ಹೊರಟೆವು. ತೀರ್ಥಹಳ್ಳಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅಮ್ಮ ಕಾರಿನ ಹಿಂದಿನ ಸೀಟಿನಲ್ಲಿದ್ದರು, ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು. ದಾರಿಯಲ್ಲಿ ಅವಳ ಪ್ರಶ್ನೆ: "ಅಪ್ಪಾ, ಒಂದೇ ದೇಶ ತಾನೆ? ನಮ್ಮನೇಲಿ 45 ಡಿಗ್ರಿ, ಸಲಾಲಾದಲ್ಲಿ 25 ಡಿಗ್ರಿ ಹೇಗೆ?" ನಾನು ಇಂಜಿನಿಯರ್ ಗತ್ತಿನಲ್ಲಿ ಥಟ್ಟನೆ ಉತ್ತರ ಕೊಟ್ಟೆ: "ಅಲ್ಲಿ ಅಜ್ಜಿ ಊರಿನ ಹಾಗೆ ಮಳೆ ಬರುತ್ತೆ ಪುಟ್ಟಿ, ಅದಕ್ಕೆ."

ಮರುದಿನ ಸಲಾಲಾದ ಮೇಲಿನ ಬೆಟ್ಟದಲ್ಲಿ ಕಾರು ನಿಲ್ಲಿಸಿ ಇಳಿದೆವು. ಹತ್ತು ಮಾರು ದೂರ ಕಾಣದಷ್ಟು ಮಂಜು. ಅಮ್ಮ ಸೆರಗು ತಲೆಗೆ ಹೊದ್ದು ಸ್ವಲ್ಪ ಹೊತ್ತು ಸುತ್ತ ನೋಡಿದರು. ಆಮೇಲೆ ಹೇಳಿದರು: "ಇದು ಮಳೆ ಅಲ್ಲ ಕಣೋ. ಬಯಲಲ್ಲಿ ಬರೀ ಮಂಜು. ಆ ಮರದ ಬುಡದಲ್ಲಿ ಮಾತ್ರ ತೊಟ್ಟಿಕ್ತಾ ಇದೆ ನೋಡು."

ಹೋಗಿ ನೋಡಿದರೆ ನಿಜ! ಬಯಲಿನ ಹುಲ್ಲಿಗೆ ತೇವ ಅಂಟಿತ್ತು, ಅಷ್ಟೆ. ಮರದ ಕೆಳಗೆ ಮಾತ್ರ ಟಪ್ ಟಪ್ ಎಂದು ಹನಿ ಬೀಳುತ್ತಿತ್ತು, ನೆಲ ಕೆಸರಾಗಿತ್ತು. ಮನೆಗೆ ಬಂದಮೇಲೆ ಕುತೂಹಲಕ್ಕೆ ಓದಲು ಕೂತೆ. ನಾನು ಮಗಳಿಗೆ ಹೇಳಿದ್ದು ತಪ್ಪು, ಅಮ್ಮ ಹೇಳಿದ್ದೇ ಸರಿ ಎಂದು ಗೊತ್ತಾಯಿತು. ಓದಿದ್ದನ್ನೂ ಕಂಡದ್ದನ್ನೂ ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ. ಈ ಸಲ ಸಲಾಲಾಗೆ ಹೊರಟವರು ದಾರಿಯಲ್ಲಿ ಓದಿಕೊಳ್ಳಬಹುದು (ಕಾರು ಓಡಿಸುವವರನ್ನು ಬಿಟ್ಟು!).

ಮೊದಲು ದೇಶದ ಲೆಕ್ಕ

ಒಮಾನ್ ದೇಶದ ವಿಸ್ತೀರ್ಣ ಸುಮಾರು 3 ಲಕ್ಷ 9 ಸಾವಿರ ಚದರ ಕಿ.ಮೀ., ಅಂದರೆ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಹೆಚ್ಚು. 2020ರ ಜನಗಣತಿಯಲ್ಲಿ ಸಿಕ್ಕ ಜನಸಂಖ್ಯೆ ಸುಮಾರು 45 ಲಕ್ಷ. ಬೆಂಗಳೂರಿನ ಅರ್ಧವೂ ಇಲ್ಲ. ಪಶ್ಚಿಮಕ್ಕೆ ಸೌದಿ ಅರೇಬಿಯಾ, ವಾಯವ್ಯಕ್ಕೆ ಯುಎಇ, ನೈಋತ್ಯಕ್ಕೆ ಯೆಮನ್. ಉಳಿದದ್ದೆಲ್ಲ ಕಡಲು, 3 ಸಾವಿರ ಕಿ.ಮೀ.ಗೂ ಹೆಚ್ಚು ಉದ್ದದ ಕರಾವಳಿ.

2011ರಿಂದ ದೇಶವನ್ನು 11 ಗವರ್ನರೇಟುಗಳಾಗಿ ವಿಂಗಡಿಸಿದ್ದಾರೆ. ಅರಬ್ಬಿಯಲ್ಲಿ 'ಮುಹಾಫಝಾ', ನಮ್ಮ ಲೆಕ್ಕದಲ್ಲಿ ಪ್ರಾಂತ್ಯ ಎನ್ನಬಹುದು. ಪ್ರಾಂತ್ಯದೊಳಗೆ ನಮ್ಮ ತಾಲ್ಲೂಕುಗಳ ಹಾಗೆ 'ವಿಲಾಯತ್'ಗಳು, ಅದಕ್ಕೊಬ್ಬ 'ವಾಲಿ'. ನಮ್ಮ ಅಜ್ಜಂದಿರಿಗೆ ವಿಲಾಯತಿ ಎಂದರೆ ಇಂಗ್ಲೆಂಡಿನದು, ಇಲ್ಲಿ ವಿಲಾಯತ್ ಎಂದರೆ ಪಕ್ಕದ ತಾಲ್ಲೂಕು!

ದೇಶದ ಉತ್ತರದಲ್ಲಿ ನಾವಿರುವ ಮಸ್ಕತ್ ಮತ್ತು ಹಜರ್ ಬೆಟ್ಟಗಳ ಸಾಲು. ಜನರಲ್ಲಿ ಹೆಚ್ಚಿನವರು ಇರುವುದು ಇಲ್ಲೇ. ತೀರಾ ತುದಿಯಲ್ಲಿ ಮುಸಂದಂ, ನಡುವೆ ಯುಎಇ ನೆಲ ಅಡ್ಡ ಬಂದು ಬೇರೆಯಾಗಿ ನಿಂತ ತುಂಡು. ತೀರಾ ಕೆಳಗೆ, ಯೆಮನ್ ಗಡಿಗೆ ಅಂಟಿಕೊಂಡು ದೋಫಾರ್. ಸಲಾಲಾ ಅದರ ಮುಖ್ಯ ಪಟ್ಟಣ. ಉತ್ತರಕ್ಕೂ ದೋಫಾರಿಗೂ ನಡುವೆ ಬರೀ ಬಟಾಬಯಲು, ಎಣ್ಣೆಬಾವಿಗಳು, ಒಂಟೆಗಳು. ನಿಜ್ವಾ, ಆದಂ, ಹೈಮಾ, ತುಮ್ರೈತ್ ದಾಟಿ ಸುಮಾರು 1000 ಕಿ.ಮೀ. ರಸ್ತೆ. ಗಂಟೆಗಟ್ಟಲೆ ಸ್ಟಿಯರಿಂಗ್ ತಿರುಗಿಸುವ ಕೆಲಸವೇ ಇಲ್ಲ. ನಿದ್ದೆ ಬರದಂತೆ ನೋಡಿಕೊಳ್ಳುವುದೇ ಡ್ರೈವಿಂಗ್.

ಒಂದು ಪ್ರಾಂತ್ಯ, ನಾಲ್ಕು ಪಟ್ಟಿ

ದೋಫಾರ್ ಒಂದೇ ದೇಶದ ಸುಮಾರು ಮೂರನೇ ಒಂದು ಭಾಗ, 99 ಸಾವಿರ ಚದರ ಕಿ.ಮೀ.ಗೂ ಹೆಚ್ಚು. ಅರ್ಧ ಕರ್ನಾಟಕಕ್ಕಿಂತ ದೊಡ್ಡದು, ಆದರೆ 2020ರ ಜನಗಣತಿಯಲ್ಲಿ ಜನ 4 ಲಕ್ಷದ ಆಸುಪಾಸು. ಒಟ್ಟು ಹತ್ತು ವಿಲಾಯತ್: ಸಲಾಲಾ, ತಾಖಾ, ಮಿರ್ಬಾತ್, ಸದಾ, ರಖ್ಯೂತ್, ದಲ್ಕೂತ್, ತುಮ್ರೈತ್, ಮುಖ್‌ಶಿನ್, ಮಝ್ಯೂನಾ, ಮತ್ತು ದ್ವೀಪಗಳನ್ನೂ ಸೇರಿಸಿಕೊಂಡ ಶಲೀಂ.

ಇದನ್ನು ಅರ್ಥ ಮಾಡಿಕೊಳ್ಳಲು ಸುಲಭದ ದಾರಿ ಎಂದರೆ ಕಡಲಿನಿಂದ ಒಳನಾಡಿಗೆ ನೇರ ಒಂದು ಗೆರೆ ಎಳೆಯುವುದು. ಮೊದಲು ಸಲಾಲಾ ಬಯಲು, ಎಷ್ಟು ಅಗಲ ಎಂದರೂ 15 ಕಿ.ಮೀ. ಆಸುಪಾಸು. ತೆಂಗು, ಬಾಳೆ, ಪಪಾಯದ ತೋಟಗಳು ಇಲ್ಲೇ. ಅದರ ಹಿಂದೆ ಗೋಡೆ ಕಟ್ಟಿದಂತೆ ಬೆಟ್ಟಸಾಲು: ನಡುವೆ ಜಬಲ್ ಖರಾ, ಪೂರ್ವಕ್ಕೆ ಜಬಲ್ ಸಮ್ಹಾನ್, ಪಶ್ಚಿಮಕ್ಕೆ ಯೆಮನ್ ಕಡೆ ಜಬಲ್ ಅಲ್ ಖಮರ್. ಬೆಟ್ಟದ ನೆತ್ತಿ ದಾಟಿದರೆ 'ನೆಜ್ದ್' ಎಂಬ ಒಣ ಪ್ರಸ್ಥಭೂಮಿ. ಅದರಾಚೆ ಪ್ರಪಂಚದ ಅತಿ ದೊಡ್ಡ ಮರಳುರಾಶಿ, ರುಬ್ ಅಲ್ ಖಾಲಿ. 'ಖಾಲಿ' ಎಂಬ ಪದ ನಮ್ಮದೂ ಹೌದು, ಅರ್ಥವೂ ಅದೇ: ಖಾಲಿ ಬಿದ್ದ ಕಾಲುಭಾಗ!

ಹಸಿರಾಗುವುದು ಈ ನಾಲ್ಕರಲ್ಲಿ ಬೆಟ್ಟದ ಕಡಲಮುಖ ಮಾತ್ರ. ನೆತ್ತಿ ದಾಟಿ ಕೆಲವೇ ಕಿ.ಮೀ. ಹೋದರೆ ಮಂಜು ಕತ್ತರಿಸಿದಂತೆ ನಿಲ್ಲುತ್ತದೆ. ವೈಪರ್ ಹಾಕಿಕೊಂಡು ಬರುತ್ತಿದ್ದವರು ಐದು ನಿಮಿಷದಲ್ಲಿ ಎಸಿ ಹಾಕಬೇಕು. ಮಗಳಿಗೆ ಇದೇ ದೊಡ್ಡ ಮ್ಯಾಜಿಕ್.

ಖರೀಫ್ ಅಂದರೇನು?

ಈ ಹಸಿರು ಕಾಲಕ್ಕೆ ಇಲ್ಲಿ 'ಖರೀಫ್' ಎಂದು ಹೆಸರು. ಪದ ಎಲ್ಲೋ ಕೇಳಿದ ಹಾಗಿದೆಯಲ್ಲವೇ? ರೇಡಿಯೋದ ಕೃಷಿ ಕಾರ್ಯಕ್ರಮದಲ್ಲಿ ನಾವು ಕೇಳುತ್ತಾ ಬೆಳೆದ ಖಾರಿಫ್ ಬೆಳೆ ಇದೇ ಪದ. ಅರಬ್ಬಿಯಲ್ಲಿ ಖರೀಫ್ ಎಂದರೆ ಶರತ್ಕಾಲ. ನಮ್ಮ ಕಡೆ ಅದು ಮುಂಗಾರು ಬೆಳೆಯ ಹೆಸರಾಯಿತು, ದೋಫಾರಿನಲ್ಲಿ ಮುಂಗಾರಿನದೇ ಹೆಸರಾಯಿತು. ಲೆಕ್ಕಕ್ಕೆ ಜೂನ್ 21ರಿಂದ ಸೆಪ್ಟೆಂಬರ್ 20ರ ಸುಮಾರಿನವರೆಗೆ. ಅಮ್ಮನ ಲೆಕ್ಕದಲ್ಲಿ, "ಹಾಗಾದರೆ ಆರಿದ್ರಾದಿಂದ ಉತ್ತರೆ ಮಳೆವರೆಗೆ."

ಇಷ್ಟಾದರೂ ಸಲಾಲಾದಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ ಸುಮಾರು 100 ಮಿ.ಮೀ. ಮಾತ್ರ! ಆಗುಂಬೆಯಲ್ಲಿ ಜುಲೈನ ಒಂದೇ ಜೋರು ದಿನ ಇದಕ್ಕಿಂತ ಹೆಚ್ಚು ಸುರಿಯುತ್ತದೆ. ವರ್ಷಕ್ಕೆ ಅಲ್ಲಿ 7000 ಮಿ.ಮೀ. ದಾಟುತ್ತದೆ. ಹಾಗಾದರೆ 100 ಮಿ.ಮೀ.ನಲ್ಲಿ ಬೆಟ್ಟವೇ ಹಸಿರಾಗುವುದು ಹೇಗೆ?

ಗಾಳಿ ಒಂದೇ. ಆಫ್ರಿಕಾದ ಸೊಮಾಲಿಯಾ ಕಡೆಯಿಂದ ಅರಬ್ಬೀ ಸಮುದ್ರದ ಮೇಲೆ ಬೀಸುವ ಬಲವಾದ ನೈಋತ್ಯ ಗಾಳಿ. ಈ ಗಾಳಿಯ ಹೊಳೆಯನ್ನು 1960ರ ದಶಕದಲ್ಲಿ ವಿವರಿಸಿದ ಬ್ರಿಟಿಷ್ ಹವಾಮಾನ ವಿಜ್ಞಾನಿ ಜಾನ್ ಫಿಂಡ್ಲೇಟರ್ ಹೆಸರಿನಲ್ಲೇ ಅದನ್ನು ಫಿಂಡ್ಲೇಟರ್ ಜೆಟ್ ಎನ್ನುತ್ತಾರೆ. ನಮ್ಮ ಕಡೆ ಅದು ಕಡಲ ನೀರು ಹೀರಿಕೊಂಡು ಪಶ್ಚಿಮಘಟ್ಟಕ್ಕೆ ನೇರವಾಗಿ ಢಿಕ್ಕಿ ಹೊಡೆಯುತ್ತದೆ. ಮೇಲೇರಿ ತಣ್ಣಗಾಗಿ ಧಾರಾಕಾರ ಸುರಿಯುತ್ತದೆ.

ಅರೇಬಿಯಾದ ಕರಾವಳಿಯಲ್ಲಿ ಮಾತ್ರ ಇದೇ ಗಾಳಿ ದಡಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಇಲ್ಲಿ ಬಲ ಎಂದರೆ ದಡದಿಂದ ದೂರ. ಮೇಲಿನ ಬೆಚ್ಚಗಿನ ನೀರು ಹೋದ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ಹಾಗಾಗಿ ಮಸ್ಕತ್ತಿನಲ್ಲಿ ಸಮುದ್ರ ಬಿಸಿನೀರಿನ ಹಂಡೆಯಂತಿರುವ ಜುಲೈನಲ್ಲಿ ಸಲಾಲಾದ ಸಮುದ್ರ ತಣ್ಣಗಿರುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬಿನ ಹೊರಗೆ ಹನಿ ಕಟ್ಟುತ್ತದಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ. ತಣ್ಣನೆ ಸಮುದ್ರದ ಮೇಲೆ ಬಂದ ತೇವದ ಗಾಳಿ ಮಂಜಾಗುತ್ತದೆ.

ಈ ಮಂಜು ಮೇಲೇರಿ ದೊಡ್ಡ ಮೋಡವಾಗಿ ಮಳೆ ಸುರಿಸಬಹುದಿತ್ತು. ಆದರೆ ಮರಳುಗಾಡಿನ ಬಿಸಿ ಒಣಗಾಳಿ ಮೇಲೆ ಮುಚ್ಚಳ ಹಾಕಿ ಕೂತಿರುತ್ತದೆ. ಮುಂದೆ ಹೋಗೋಣವೆಂದರೆ ಬೆಟ್ಟ ಅಡ್ಡ, ಮೇಲೆ ಹೋಗೋಣವೆಂದರೆ ಮುಚ್ಚಳ ಅಡ್ಡ. ಹಾಗಾಗಿ ಮೂರು ತಿಂಗಳು ಮಂಜು ಆ ಬೆಟ್ಟದ ಮಡಿಲಲ್ಲೇ ಸಿಕ್ಕಿಬೀಳುತ್ತದೆ. ಸೂರ್ಯನ ಮುಖ ಕಾಣುವುದೇ ಅಪರೂಪ, ಆದ್ದರಿಂದಲೇ 25 ಡಿಗ್ರಿ. ಮಗಳ ಪ್ರಶ್ನೆಗೆ ಸರಿಯಾದ ಉತ್ತರ ಇದು!

ಮರಗಳೇ ಸುರಿಸುವ ಮಳೆ

ಈಗ ಅಮ್ಮ ಕಂಡ ವಿಷಯಕ್ಕೆ ಬರೋಣ. ಮಂಜಿನ ಹನಿ ಎಷ್ಟು ಸಣ್ಣದೆಂದರೆ ತಾನಾಗಿ ನೆಲಕ್ಕೆ ಬೀಳುವುದಿಲ್ಲ, ಗಾಳಿಯೊಂದಿಗೆ ಅಡ್ಡಡ್ಡ ತೇಲಿ ಹೋಗುತ್ತದೆ. ದಾರಿಯಲ್ಲಿ ಎಲೆ ಸಿಕ್ಕರೆ ಅಂಟಿಕೊಳ್ಳುತ್ತದೆ. ಹನಿಗೆ ಹನಿ ಸೇರಿ ಭಾರವಾಗಿ ಕೆಳಗೆ ಬೀಳುತ್ತದೆ. ಅಂದರೆ ಮರ ಎತ್ತರ ಇದ್ದಷ್ಟೂ, ಎಲೆ ಹೆಚ್ಚಿದ್ದಷ್ಟೂ ನೀರು ಹೆಚ್ಚು. ಮರ ಒಂದು ಜರಡಿ, ಗಾಳಿಯಿಂದ ನೀರು ಸೋಸುವ ಜರಡಿ.

ಇಲ್ಲಿನ ಮುಖ್ಯ ಮರ ಅನೋಗೈಸಸ್ ದೋಫಾರಿಕ. ದೋಫಾರ್ ಮತ್ತು ಪಕ್ಕದ ಯೆಮನ್ ಅಂಚು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮ್ಮ ಕಾಡಿನ ದಿಂಡಿಗ ಮರಕ್ಕೆ ದಾಯಾದಿ. ಒಣಗಾಲದಲ್ಲಿ ಎಲೆ ಉದುರಿಸಿ ಕಡ್ಡಿಯಂತೆ ನಿಲ್ಲುತ್ತದೆ, ಮಂಜು ಬಂದಾಗ ಚಿಗುರುತ್ತದೆ. ಇದರ ಜೊತೆ ಅಲ್ಲಲ್ಲಿ ಹುಣಸೆ ಮರ, ಅತ್ತಿಯ ಜಾತಿಯ ಮರಗಳೂ ಇವೆ. ಮರಳುಗಾಡಿನ ದೇಶದಲ್ಲಿ ಹುಣಸೆ ಮರ ನೋಡಿ ಅಮ್ಮನಿಗೆ ಮಾತೇ ಹೊರಡಲಿಲ್ಲ.

2006ರಲ್ಲಿ ಅಮೆರಿಕದ ಎಂಐಟಿಯ ಆಂಕೆ ಹಿಲ್ಡೆಬ್ರಾಂಟ್ ಮತ್ತು ಎಲ್ಫಾತಿಹ್ ಎಲ್ತಾಹಿರ್ ಈ ಕಾಡಿನ ಬಗ್ಗೆ ಒಂದು ಸಂಶೋಧನೆ ಪ್ರಕಟಿಸಿದರು. ಸಾರಾಂಶ ಇಷ್ಟು: ಈ ಕಾಡು ತನಗೆ ಬೇಕಾದ ನೀರಿನ ದೊಡ್ಡ ಪಾಲನ್ನು ತಾನೇ ಮಂಜಿನಿಂದ ಹಿಡಿದುಕೊಳ್ಳುತ್ತದೆ. ಮರ ಹೋಗಿ ಬರೀ ಹುಲ್ಲು ಉಳಿದರೆ ಅಷ್ಟು ನೀರು ಹಿಡಿಯಲು ಆಗುವುದಿಲ್ಲ. ಆಗ ನೆಲ ಒಣಗುತ್ತದೆ, ಹೊಸ ಸಸಿ ಮೇಲೇಳುವುದು ಕಷ್ಟ. ನಮ್ಮ ಮಲೆನಾಡಿನಲ್ಲಿ ಕಾಡು ಕಡಿದ ಜಾಗವನ್ನು ಹತ್ತು ವರ್ಷ ಸುಮ್ಮನೆ ಬಿಟ್ಟರೆ ಗಿಡಗಂಟಿ ತಾನಾಗಿ ಬರುತ್ತದೆ, ಏಕೆಂದರೆ ಮಳೆ ಮರವನ್ನು ಕೇಳಿ ಸುರಿಯುವುದಿಲ್ಲ. ಇಲ್ಲಿ ಹಾಗಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ, ಇದಕ್ಕೆ ಬ್ಯಾಕಪ್ ಇಲ್ಲ!

ಮರದ ಬುಡಕ್ಕೆ ಬಿದ್ದ ನೀರು ಸುಣ್ಣಕಲ್ಲಿನ ಬೆಟ್ಟದೊಳಗೆ ಇಂಗಿ ಬುಡದಲ್ಲಿ ಊಟೆಗಳಾಗಿ ಏಳುತ್ತದೆ. ಐನ್ ರಝಾತ್, ಐನ್ ಜರ್ಝೀಝ್ ಎಂದೆಲ್ಲ ನಾವು ಬುತ್ತಿ ಬಿಚ್ಚಿ ಕೂರುವ ಜಾಗಗಳು ಇವೇ ('ಐನ್' ಎಂದರೆ ಊಟೆ). ಉಳಿದದ್ದು ಸಲಾಲಾ ಬಯಲಿನ ಅಂತರ್ಜಲ ಸೇರುತ್ತದೆ. ರಸ್ತೆಬದಿಯ ಅಂಗಡಿಯಲ್ಲಿ ನಾವು ಕುಡಿಯುವ ಎಳನೀರು ಒಂದು ಕಾಲಕ್ಕೆ ಬೆಟ್ಟದ ಮೇಲಿನ ಮಂಜು. ಬಯಲಿನಲ್ಲಿ ನೀರೆತ್ತುವುದು ಹೆಚ್ಚಾದಾಗ ಸಮುದ್ರದ ಉಪ್ಪುನೀರು ಒಳನುಗ್ಗತೊಡಗಿತು. ಅದನ್ನು ತಡೆಯಲು ಪಟ್ಟಣದ ಕೊಳಚೆ ನೀರನ್ನು ಶುದ್ಧೀಕರಿಸಿ ಕರಾವಳಿಯ ಬಾವಿಗಳಿಗೆ ಇಳಿಸುವ ವ್ಯವಸ್ಥೆ ಮಾಡಿದ್ದಾರೆ. ಸಿಹಿನೀರಿನ ಗೋಡೆ ಕಟ್ಟಿ ಉಪ್ಪುನೀರನ್ನು ಆಚೆ ನಿಲ್ಲಿಸುವ ಉಪಾಯ!

ಆಳದಿಂದೆದ್ದ ತಣ್ಣೀರು ಮೀನಿಗೂ ಹಬ್ಬ. ಅದರೊಂದಿಗೆ ಬರುವ ಪೋಷಕಾಂಶದಿಂದ ಬೂತಾಯಿ ಮೀನು ರಾಶಿರಾಶಿ. ಒಣಗಿಸಿದ ಬೂತಾಯಿ ಇಲ್ಲಿ ದನ, ಒಂಟೆಗಳಿಗೂ ಮೇವು. ಮುಂಗಾರಿನಲ್ಲಿ ಮಂಗಳೂರು, ಮಲ್ಪೆ ಕಡೆಯ ಸಮುದ್ರದಲ್ಲೂ ಇದೇ ರೀತಿ ಆಳದ ನೀರು ಮೇಲೇಳುತ್ತದೆ. ಎರಡು ದಡಗಳ ಬೂತಾಯಿಗೂ ಒಂದೇ ಗಾಳಿ ಅನ್ನದಾತ.

ಬೆಟ್ಟದಾಚೆಯ ಲೋಬಾನ

ದೋಫಾರಿಗೆ ಹೆಸರು ತಂದದ್ದು ಹಸಿರು ಬೆಟ್ಟವಲ್ಲ, ಅದರ ಹಿಂದಿನ ಒಣನೆಲ. ಮಂಜು ಪೂರ್ತಿ ತಲುಪದ, ಆದರೆ ಅದರ ತಂಪು ಸ್ವಲ್ಪ ಸೋಕುವ ಆ ಜಾಗದಲ್ಲಿ ಬೋಸ್ವೆಲಿಯ ಸ್ಯಾಕ್ರ ಎಂಬ ಗಿಡ್ಡನೆಯ ಮರ ಬೆಳೆಯುತ್ತದೆ. ಅರಬ್ಬಿಯಲ್ಲಿ ಇದರ ಅಂಟು 'ಲುಬಾನ್', ನಮ್ಮಲ್ಲಿ ಲೋಬಾನ. ತೊಗಟೆಯನ್ನು ಸಣ್ಣಗೆ ಕೆತ್ತಿದರೆ ಹಾಲಿನಂಥ ಸೊನೆ ಒಸರಿ ಗಟ್ಟಿಯಾಗುತ್ತದೆ. ಮೊದಲ ಸಲ ಬಂದದ್ದು ಕೀಳು. ಮತ್ತೆ ಮತ್ತೆ ಕೆತ್ತಿದ ಮೇಲೆ ಬರುವುದೇ ಒಳ್ಳೆ ಮಾಲು. ಹೊಜಾರಿ ಎಂಬುದು ಎಲ್ಲಕ್ಕಿಂತ ಉತ್ತಮ ಎನ್ನುತ್ತಾರೆ. ಆಯುರ್ವೇದದ ಶಲ್ಲಕಿ ಇದರದೇ ಭಾರತೀಯ ಸೋದರ.

ಈ ಅಂಟಿಗಾಗಿ ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟ್, ರೋಮ್‌ವರೆಗೆ ವ್ಯಾಪಾರ ನಡೆಯುತ್ತಿತ್ತು. ಮರಗಳಿರುವ ವಾದಿ ದೌಕಾ, ಒಂಟೆ ಸಾಲುಗಳು ತಂಗುತ್ತಿದ್ದ ಶಿಸ್ರ್, ಬಂದರುಗಳಾದ ಖೋರ್ ರೋರಿ ಮತ್ತು ಅಲ್ ಬಲೀದ್ ಈ ನಾಲ್ಕನ್ನೂ ಸೇರಿಸಿ ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ತಂದಿತು.

ಖೋರ್ ರೋರಿಯ ಹಾಳುಕೋಟೆ ಸುಮ್ಹುರಂ ನಮ್ಮವರೆಲ್ಲ ನೋಡಲೇಬೇಕಾದ ಜಾಗ. ಅಲ್ಲಿ 1950ರ ದಶಕದ ಉತ್ಖನನದಲ್ಲಿ ಭಾರತದಿಂದ ಬಂದ ಕಂಚಿನ ಸ್ತ್ರೀ ಪ್ರತಿಮೆಯೊಂದು ಸಿಕ್ಕಿತು. ಮುಂದೆ ಇಟಲಿಯ ತಂಡದ ಉತ್ಖನನದಲ್ಲಿ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಒಬ್ಬನ ಹೆಸರು ಕೊರೆದ ಮಡಕೆ ಚೂರೂ ಸಿಕ್ಕಿತು. ತನ್ನ ಮಡಕೆ ಕಳೆಯದಿರಲೆಂದು ಹೆಸರು ಕೆತ್ತಿಟ್ಟ ಆ ಪುಣ್ಯಾತ್ಮ, ನಮ್ಮ ಹಾಗೆ ದುಡಿಮೆಗೆ ಕಡಲು ದಾಟಿ ಬಂದವನೇ ಇರಬೇಕು.

14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ. ಆಗ ಊರಿನ ಹೆಸರು ಝಫಾರ್. ಇಂದಿನ ಅಲ್ ಬಲೀದ್ ಅವಶೇಷಗಳೇ ಆ ಊರು. ಇಲ್ಲಿಂದ ಭಾರತಕ್ಕೆ ಕುದುರೆ ಹೋಗುತ್ತವೆ, ಗಾಳಿ ಸರಿಯಿದ್ದರೆ ಒಂದು ತಿಂಗಳ ಪಯಣ, ಜನರು ಉಣ್ಣುವ ಅಕ್ಕಿ ಭಾರತದಿಂದ ಬರುತ್ತದೆ ಎಂದು ಬರೆದಿದ್ದಾನೆ. ತೆಂಗು ಮತ್ತು ವೀಳ್ಯದೆಲೆ ಇಲ್ಲಿ ಬೆಳೆಯುವುದನ್ನು ಕಂಡು ಬೆರಗಾಗಿದ್ದಾನೆ. ಅದೇ ಮನುಷ್ಯ ಮುಂದೆ ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನೂ ನೋಡಿದ. ಮರಳುಗಾಡಿನ ಬೆನ್ನು, ಕಡಲಿನ ಮುಖ: ದೋಫಾರ್ ಮಸ್ಕತ್ತಿಗಿಂತ ಮೊದಲೇ ನಮ್ಮ ಕರಾವಳಿಯನ್ನು ಬಲ್ಲದು ಎಂದರೆ ತಪ್ಪಾಗಲಾರದು.

ಯುದ್ಧ ಕಂಡ ಬೆಟ್ಟ

ದೋಫಾರ್ ಮಸ್ಕತ್ತಿನ ಸುಲ್ತಾನರ ಕೈಗೆ ಬಂದದ್ದು 1879ರಲ್ಲಿ. 1932ರಿಂದ 1970ರವರೆಗೆ ಆಳಿದ ಸುಲ್ತಾನ್ ಸಯೀದ್ ಬಿನ್ ತೈಮೂರ್ ಕೊನೆಯ ವರ್ಷಗಳಲ್ಲಿ ಸಲಾಲಾ ಅರಮನೆಯಲ್ಲೇ ಇದ್ದರೂ ಬೆಟ್ಟದ ಜನರಿಗೆ ಶಾಲೆ, ಆಸ್ಪತ್ರೆ, ರಸ್ತೆ ಯಾವುದೂ ಇರಲಿಲ್ಲ. 1965ರಲ್ಲಿ ಬೆಟ್ಟದಲ್ಲಿ ದಂಗೆ ಶುರುವಾಯಿತು. ಆಮೇಲೆ ದಕ್ಷಿಣ ಯೆಮನ್ ದಂಗೆಕೋರರ ಬೆನ್ನಿಗೆ ನಿಂತಿತು, ಬ್ರಿಟನ್, ಇರಾನ್, ಜೋರ್ಡಾನ್ ಸುಲ್ತಾನರ ಬೆನ್ನಿಗೆ ನಿಂತವು. ಮಂಜಿನ ತಿಂಗಳುಗಳಲ್ಲಿ ವಿಮಾನ ಹಾರಿಸುವುದು ಕಷ್ಟ. 1972ರ ಜುಲೈನಲ್ಲಿ ಮಿರ್ಬಾತ್ ಮೇಲೆ ದಾಳಿ ನಡೆದದ್ದೂ ಇಂಥದೇ ಮಂಜಿನ ಬೆಳಗಿನಲ್ಲಿ.

1970ರ ಜುಲೈ 23ರಂದು ಮಗ ಕಾಬೂಸ್ ಅಧಿಕಾರ ಹಿಡಿದರು. ಅವರು ಹುಟ್ಟಿದ್ದು ಸಲಾಲಾದಲ್ಲಿ, ತಾಯಿ ದೋಫಾರಿನ ಬೆಟ್ಟದ ಬುಡಕಟ್ಟಿನವರು. ಶರಣಾದವರಿಗೆ ಕ್ಷಮೆ, ಬೆಟ್ಟಕ್ಕೆ ಬಾವಿ, ರಸ್ತೆ, ಶಾಲೆ, ಚಿಕಿತ್ಸಾಲಯ ಬಂದವು. 1975ರ ಕೊನೆಗೆ ಯುದ್ಧ ಮುಗಿಯಿತೆಂದು ಘೋಷಿಸಿದರು. ಸುಲ್ತಾನ್ ಕಾಬೂಸ್ 2020ರ ಜನವರಿಯಲ್ಲಿ ತೀರಿಕೊಂಡರು. ಈಗಿನ ಸುಲ್ತಾನರು ಹೈತಂ ಬಿನ್ ತಾರಿಕ್.

ಶಾಂತಿಯ ಜೊತೆ ಒಂದು ಹೊಸ ಸಮಸ್ಯೆಯೂ ಬಂತು. ಮೊದಲು ಬೆಟ್ಟದಲ್ಲಿ ನೀರು ಇದ್ದಷ್ಟೇ ದನ, ಮೇವು ಇದ್ದಷ್ಟೇ ಒಂಟೆ. ಬಾವಿ ಮತ್ತು ಲಾರಿಯಲ್ಲಿ ಮೇವು ಬಂದ ಮೇಲೆ ಹಿಂಡುಗಳು ಬೆಳೆದವು. ಒಂಟೆಯ ಬಾಯಿಗೆ ಎಟುಕುವ ಎತ್ತರದವರೆಗೆ ಮರದ ರೆಂಬೆ ಬೋಳಾಗುವುದನ್ನು ನೀವೇ ನೋಡಬಹುದು. ಹಳೇ ಮರ ಸತ್ತರೆ ಜಾಗಕ್ಕೆ ಬರುವ ಸಸಿ ಮೊದಲೇ ಮೇವಾಗಿರುತ್ತದೆ. ಮರ ಕಡಿಮೆಯಾದರೆ ನೀರು ಎಷ್ಟು ಕಡಿಮೆಯಾಗುತ್ತದೆ ಎಂಬ ಲೆಕ್ಕ ಮೇಲೆ ಓದಿದಿರಲ್ಲ.

ನಾನು ಮಾಡಿದ ತಪ್ಪು

ಈ ಲೆಕ್ಕ ಗೊತ್ತಾಗುವ ಮುಂಚೆ ನಾನೂ ಒಂದು ತಪ್ಪು ಮಾಡಿದೆ. ಒಳ್ಳೆ ಫೋಟೋ ಬರಲೆಂದು ಕಾರನ್ನು ರಸ್ತೆಯಿಂದ ಇಳಿಸಿ ಹುಲ್ಲಿನ ಮೇಲೆ ನಿಲ್ಲಿಸಿದೆ. ಇಬ್ಬರು ಬೆಟ್ಟದವರು ಬಂದರು. ವಯಸ್ಸಾದವರು ಸಿಟ್ಟಾಗಲಿಲ್ಲ. ನನ್ನ ಹರಕುಮುರುಕು ಅರಬ್ಬಿಗೆ ತಕ್ಕಂತೆ ನಿಧಾನವಾಗಿ ಹೇಳಿದರು: "ನಿನಗಿದು ಹುಲ್ಲು. ನನ್ನ ಹಸುವಿಗೆ ಮುಂದಿನ ಆರು ತಿಂಗಳ ಊಟ." ಟೈರಿನಡಿ ಕಂದು ಮಣ್ಣಿನ ಎರಡು ಗೆರೆ ಬಿದ್ದಿದ್ದವು. ಕ್ಷಮೆ ಕೇಳಿ ಕಾರು ತೆಗೆದೆ. ಆ ಹೊತ್ತಿನ ಮುಜುಗರ ಇನ್ನೂ ಮರೆತಿಲ್ಲ.

ಹೋಗುವಾಗ ಅವರಿಬ್ಬರೂ ತಮ್ಮತಮ್ಮಲ್ಲಿ ಆಡಿಕೊಂಡ ಮಾತು ಅರಬ್ಬಿಯಂತೆ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಅದು ಜಬ್ಬಾಲಿ. ಶಹ್ರಿ ಎಂದೂ ಕರೆಯುತ್ತಾರೆ. ಮರಳುಗಾಡಿನ ಅಂಚಿನವರದು ಮೆಹ್ರಿ. ಇವು ಅರಬ್ಬಿಯ ಉಪಭಾಷೆಗಳಲ್ಲ, ಅದಕ್ಕೆ ಸೋದರಿಯರಾದ ಬೇರೆಯೇ ಭಾಷೆಗಳು. ಬರಹದ ಪರಂಪರೆಯಿಲ್ಲ, ಹಾಡು ಕಥೆಗಳೆಲ್ಲ ಬಾಯಿಯಿಂದ ಬಾಯಿಗೆ. ಯುನೆಸ್ಕೊ ಇವನ್ನು ಅಳಿವಿನ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿಟ್ಟಿದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು. ಮಕ್ಕಳು ಯಾವುದನ್ನು ಉಳಿಸಿಕೊಳ್ಳುತ್ತಾರೋ ಎಂಬ ಚಿಂತೆ ಪರದೇಶದಲ್ಲಿರುವ ನಮಗೊಬ್ಬರಿಗೇ ಅಲ್ಲ, ತಮ್ಮ ನೆಲದಲ್ಲೇ ಇರುವ ಇವರಿಗೂ ಇದೆ.

ಹೋಗುವವರಿಗೆ ನಾಲ್ಕು ಮಾತು

2024ರ ಖರೀಫ್‌ನಲ್ಲಿ ದೋಫಾರಿಗೆ ಬಂದ ಪ್ರವಾಸಿಗರು 10 ಲಕ್ಷಕ್ಕೂ ಹೆಚ್ಚು. ಪ್ರಾಂತ್ಯದ ಜನಸಂಖ್ಯೆಯ ಸುಮಾರು ಎರಡು ಪಟ್ಟು ಮಂದಿ, ಮೂರೇ ತಿಂಗಳಲ್ಲಿ, ಇಷ್ಟು ಕಿರಿದಾದ ಹಸಿರು ಪಟ್ಟಿಯ ಮೇಲೆ! ಆದ್ದರಿಂದ:

1. ಹುಲ್ಲಿನ ಮೇಲೆ ಕಾರು ಹತ್ತಿಸಬೇಡಿ. ಇದಕ್ಕೆ ನಿಷೇಧವೂ ಇದೆ, ದಂಡವೂ ಇದೆ. ಕಾನೂನಿಗಾಗಿ ಅಲ್ಲದಿದ್ದರೂ ಆ ಹಸುವಿಗಾಗಿ.

2. ಚಹಾ ಕಾಯಿಸಲು ಮರದ ರೆಂಬೆ ಮುರಿಯಬೇಡಿ. ಸಣ್ಣ ಗ್ಯಾಸ್ ಸ್ಟೌ ಒಯ್ಯಿರಿ. ಉಳಿದ ಚಿತ್ರಾನ್ನ, ಪ್ಲಾಸ್ಟಿಕ್ ಚೀಲ ಎಲ್ಲವೂ ವಾಪಸ್ ಕಾರಿಗೆ.

3. ಮಂಜಿನಲ್ಲಿ ನಿಧಾನ. ಲೋ ಬೀಮ್ ದೀಪ ಹಾಕಿ, ಮುಂದಿನ ಗಾಡಿಯಿಂದ ದೂರ ಇರಿ. ರಸ್ತೆಗೆ ದನ, ಒಂಟೆ ಯಾವಾಗ ಬೇಕಾದರೂ ಅಡ್ಡ ಬರಬಹುದು.

4. ಸಮುದ್ರಕ್ಕೆ ಹೆದರಿ. ಖರೀಫ್ ಕಡಲು ನಮ್ಮ ಆಷಾಢದ ಕಡಲೇ. 2022ರ ಜುಲೈನಲ್ಲಿ ಮುಗ್ಸೈಲ್‌ನಲ್ಲಿ ತಡೆಬೇಲಿ ದಾಟಿ ನಿಂತಿದ್ದ ಭಾರತೀಯ ಕುಟುಂಬದವರನ್ನು ಅಲೆ ಎಳೆದೊಯ್ದಿತು. ಬೇಲಿ ಹಾಕಿರುವುದು ಅಂದಕ್ಕಲ್ಲ. ಮಕ್ಕಳ ಕೈ ಬಿಡಬೇಡಿ.

ಇನ್ನೊಂದು ಮಾತು. ಮೇ-ಜೂನ್ ಮತ್ತು ಅಕ್ಟೋಬರ್-ನವೆಂಬರ್ ಚಂಡಮಾರುತದ ಕಾಲ, ಹೊರಡುವ ಮುಂಚೆ ಹವಾಮಾನ ವರದಿ ನೋಡಿ. 2018ರ ಮೇ ಕೊನೆಯಲ್ಲಿ ಮೆಕುನು ಬಂದಾಗ ಸಲಾಲಾದಲ್ಲಿ ಒಂದೇ ದಿನ 278 ಮಿ.ಮೀ. ಮಳೆಯಾಯಿತು, ಸುಮಾರು ಮೂರು ವರ್ಷದ ಮಳೆ! ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಇನ್ನೊಂದು ಚಂಡಮಾರುತಕ್ಕೆ ಒಮಾನ್ ಕೊಟ್ಟಿದ್ದ ಹೆಸರು 'ಲುಬಾನ್'.

ರಜೆ ಹೊಂದಿಸಬಲ್ಲವರು ಸೆಪ್ಟೆಂಬರ್ ಕೊನೆಗೆ ಹೋಗಿ. ಮಂಜು ಸರಿದು, ಬಿಸಿಲು ಬಂದು, ಬೆಟ್ಟ ಇನ್ನೂ ಹಸಿರಾಗಿರುವ ಆ ಕಾಲಕ್ಕೆ ಇಲ್ಲಿಯವರು 'ಸರ್ಬ್' ಎನ್ನುತ್ತಾರೆ. ಜನಜಂಗುಳಿ ಇಲ್ಲ. ಮಂಜಿನ ಕಾಲದಲ್ಲಿ ಬಯಲಿಗಿಳಿದಿದ್ದ ಒಂಟೆಗಳು ಸಾಲಾಗಿ ಬೆಟ್ಟ ಹತ್ತುವುದನ್ನು ಮಕ್ಕಳಿಗೆ ತೋರಿಸಬಹುದು.

ಅಮ್ಮ ಊರಿಗೆ ಹೋಗುವಾಗ ಸಲಾಲಾ ಪೇಟೆಯಲ್ಲಿ ಕೊಂಡ ಅರ್ಧ ಕಿಲೋ ಲೋಬಾನ ಒಯ್ದರು. ಸಂಜೆ ದೇವರ ಮುಂದೆ ಒಂದೊಂದೇ ಚೂರು ಕೆಂಡಕ್ಕೆ ಹಾಕುತ್ತಾರಂತೆ. ಈ ವರ್ಷ ಜೂನ್ ಕೊನೆಯಲ್ಲಿ ಫೋನ್ ಮಾಡಿದ್ದರು. ಆರಿದ್ರಾ ಚೆನ್ನಾಗಿ ಹಿಡಿದಿದೆ ಎಂದು ಹೇಳಿ ಆಮೇಲೆ ಕೇಳಿದರು:

"ಅಲ್ಲಿ ಮಂಜು ಬಂತೇನೋ? ಆ ಮರ ಚಿಗುರಿತಾ?"